ಒರತೆ ನಿಂತ ಬೆಳಗು

ಸೋಮರಾಶಿ ಗುರುಗಳು ಕಲ್ಲಿನ ಗುಣವನ್ನು ಬಲ್ಲವರು. ಕೆರೆಗೆ ಏರಿ ಕಟ್ಟುವವರೂ ಬೆಟ್ಟದಲ್ಲಿ ದಾರಿ ಕಡಿಯುವವರೂ ನೆಲವು ತಾಳುವುದೋ ಇಲ್ಲವೋ ಎಂದು ಕೇಳಲು ಅವರ ಆಶ್ರಮಕ್ಕೇ ಬರುತ್ತಿದ್ದರು.

ಆಶ್ರಮದ ಎದುರಿನ ಗುಡ್ಡವು ಹಿಂದೆ ಹಲವು ಸಲ ಜರಿದಿತ್ತು. ಶಿಷ್ಯನಾದ ಕಲಿದೇವನು ಮೂರು ವರ್ಷ ಅದನ್ನು ಶೋಧಿಸಿ, ಕಂಡದ್ದನ್ನು ಓಲೆಗಳಲ್ಲಿ ಬರೆದು ಗುರುಗಳ ಮುಂದಿಟ್ಟನು.

"ಗುಡ್ಡದೊಳಗೆ ಓರೆಯಾದ ಜೇಡಿಮಣ್ಣಿನ ಪದರವಿದೆ, ಗುರುಗಳೇ. ಇಂಗಿದ ಮಳೆನೀರು ಅದನ್ನು ನೆನೆಸುತ್ತದೆ. ಮೇಲಿನ ಬಂಡೆ ಅದರ ಮೇಲೆ ಜಾರುತ್ತದೆ."

ಗುರುಗಳು ಓಲೆಗಳನ್ನು ಕೊನೆಯವರೆಗೂ ಓದಿದರು.

"ಇದರಲ್ಲಿ 'ಏಕೆಂದರೆ' ಎಂಬ ಮಾತು ನೂರು ಕಡೆ ಇದೆ. 'ಹಾಗಾದರೆ' ಎಂಬುದು ಒಂದು ಕಡೆಯೂ ಇಲ್ಲ."

"ಮುಂದಾಗುವುದನ್ನು ಹೇಳುವುದೂ ಶಾಸ್ತ್ರವೇ? ಅದನ್ನು ಕೆಳಗಿನ ಹಟ್ಟಿಯ ಬೊಮ್ಮವ್ವನೂ ಹೇಳುತ್ತಾಳೆ. ಗುಡ್ಡದ ಬುಡದ ಒರತೆಯ ನೀರು ಕೆಂಪಾದರೆ ಜನರನ್ನು ಎಬ್ಬಿಸಿಕೊಂಡು ಹೊರಡುತ್ತಾಳೆ. ಏಕೆಂದು ಕೇಳಿದರೆ, ಅತ್ತೆ ಹೇಳಿದ್ದಳು ಎನ್ನುತ್ತಾಳೆ."

"ಅವಳ ಮಾತು ತಪ್ಪಿದ್ದುಂಟೇ?"

"ಇಲ್ಲ. ಆದರೆ ಅವಳಿಗೇನೂ ತಿಳಿಯದು."

ಗುರುಗಳು ಓಲೆಗಳನ್ನು ಕಟ್ಟಿ ಅವನ ಕೈಗೆ ಮರಳಿಸಿದರು.

ಆ ವರ್ಷ ಒಂಬತ್ತು ದಿನ ಮಳೆ ಹಿಡಿಯಿತು. ಹತ್ತನೆಯ ಬೆಳಗು ಮಳೆ ಬಿಟ್ಟು ಹೊಳವಾಯಿತು. ಗುಡ್ಡದ ಬುಡಕ್ಕೆ ನೀರು ತರಲು ಹೋದ ಕಲಿದೇವನು ಬರಿಗೊಡದೊಡನೆ ಹಿಂದಿರುಗಿದನು.

"ಏನಾಶ್ಚರ್ಯ, ಗುರುಗಳೇ! ಇಷ್ಟು ಮಳೆಯಾದರೂ ಒರತೆ ಒಂದು ಹನಿಯನ್ನೂ ಬಿಡುತ್ತಿಲ್ಲ."

"ಏಕೆ?"

"ಬಾಯಿ ಕಟ್ಟಿರಬೇಕು. ನೀರೆಲ್ಲ ಒಳಗೇ..."

"ಹಾಗಾದರೆ?" ಎಂದರು ಗುರುಗಳು.

ಕಲಿದೇವನು ಓಡಿದನು.

ಹಟ್ಟಿಯಲ್ಲಿ ಬೊಮ್ಮವ್ವ ಕುರಿಮರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ಅವನು ಪದರ, ಓರೆ, ನೀರಿನ ಒತ್ತಡ ಎಲ್ಲವನ್ನೂ ಏದುಸಿರಿನಲ್ಲಿಯೇ ವಿವರಿಸಿದನು.

"ನೀರು ಕೆಂಪಾಗಿಲ್ವಲ್ಲ, ಸ್ವಾಮಿ," ಎಂದಳು ಅವಳು. "ನೀರೇ ಇಲ್ಲ. ಇಲ್ಲದ ನೀರಿಗೆ ಹೆದರಿ ಓಡೋಕೆ ನಾವೇನು ನಿಮ್ಮಷ್ಟು ಓದಿದೋರಾ?"

ಸುತ್ತ ನಿಂತವರು ನಕ್ಕರು.

ಅವನು ಮತ್ತೆ ಮೊದಲಿನಿಂದ ಆರಂಭಿಸಿದನು. ಬೊಮ್ಮವ್ವ ಕೈಯೆತ್ತಿ ತಡೆದಳು.

"ಅದೆಲ್ಲ ಬ್ಯಾಡ. ಒಂದೇ ಮಾತು ಹೇಳಿ. ಇಲ್ಲಿಂದ ಏಳಬೇಕೋ, ಬ್ಯಾಡವೋ?"

ಮೂರು ವರ್ಷಗಳಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ತನ್ನ ಮಾತು ಹುಸಿಯಾದರೆ ಇವರು ಇನ್ನೊಮ್ಮೆ ನಂಬರು. ಆಡದೆ ಹೋದರೆ ಇವರೇ ಉಳಿಯರು.

"ಏಳಬೇಕು, ತಾಯಿ. ಈಗಲೇ."

ಅವಳು ಕ್ಷಣಕಾಲ ಅವನ ಮುಖವನ್ನೇ ನೋಡಿದಳು. ಆಮೇಲೆ ತಿರುಗಿ ಕೂಗಿದಳು. "ಏಳ್ರೋ! ಮಕ್ಕಳನ್ನ ಎತ್ಕೊಳ್ಳಿ, ಕುರಿ ಹೊಡೀರಿ!"

ಸೂರ್ಯನು ನೆತ್ತಿಗೆ ಬರುವ ಮುನ್ನ ಗುಡ್ಡದ ಒಂದು ಪಾರ್ಶ್ವವು, ಮರಗಳನ್ನು ನಿಂತ ನಿಲುವಿನಲ್ಲಿಯೇ ಹೊತ್ತು, ಕೆಳಗಿಳಿಯಿತು. ಮೊದಲು ಸದ್ದೇ ಇರಲಿಲ್ಲ. ಬಳಿಕ ಕಾಲಡಿಯ ನೆಲವು ಬಹಳ ಹೊತ್ತು ನಡುಗಿತು.

ಹಟ್ಟಿಯಿದ್ದ ಕಡೆ ಹಟ್ಟಿ ಇರಲಿಲ್ಲ. ಆಚೆಯ ದಿಬ್ಬದ ಮೇಲೆ ಜನರೆಲ್ಲ ನಿಂತಿದ್ದರು. ಅವರಲ್ಲಿ ಒಬ್ಬರೂ ಕಡಿಮೆಯಾಗಿರಲಿಲ್ಲ.

ಗುರುಗಳು ಮೆಲ್ಲನೆ ನಡೆದು ಅಲ್ಲಿಗೆ ಬಂದರು.

ಸೀಳಿದ ಗುಡ್ಡದ ಒಡಲು ಬಿಸಿಲಿಗೆ ತೆರೆದಿತ್ತು. ಅದುವರೆಗೆ ಯಾವ ಕಣ್ಣೂ ಕಂಡಿರದ ಕಾವಿ, ಹಳದಿ, ಬೂದಿಯ ಬಣ್ಣಗಳು ಅಲ್ಲಿ ಒದ್ದೆಯಾಗಿ ಹೊಳೆಯುತ್ತಿದ್ದವು. ಕಲಿದೇವನು ಮೇಲಿನಿಂದ ಕೆಳಗಿನವರೆಗೆ ಕಣ್ಣಾಡಿಸಿದನು. ಜೇಡಿಮಣ್ಣಿನ ಪದರ ಎಲ್ಲಿಯೂ ಇರಲಿಲ್ಲ. ಬಂಡೆಯೇ ಆಳದವರೆಗೂ ಶಿಥಿಲವಾಗಿ ಹಿಟ್ಟಾಗಿತ್ತು.

"ಗುರುಗಳೇ," ಎಂದನು. "ನಾನು ಬರೆದದ್ದು ಇಲ್ಲಿಲ್ಲ. ಆದರೂ ನಾನು ಹೇಳಿದ್ದು ಆಯಿತಲ್ಲ!"

ಗುರುಗಳು ಆ ತೆರೆದ ಒಡಲಿಗೆ ಕೈಮುಗಿದರು.

"ಗುಡ್ಡ ನಿನ್ನ ಮಾತನ್ನು ನಡೆಸಿಕೊಟ್ಟಿತು, ಮಗು. ನಿನ್ನ ಕಾರಣವನ್ನೂ ಒಪ್ಪಿತೆಂದು ನಿನಗೆ ಯಾರು ಹೇಳಿದರು?"