ಜಿಗ್ಗಿಯ ಗಂಟೆ ಗೋಕಟ್ಟೆಗೆ ಬಿತ್ತು

ಕೇಳ್ರಪ್ಪೋ ಕೇಳಿ. ಮೂಗು ಒರೆಸ್ಕೊಂಡು ಕೇಳಿ. ಪಕ್ಕದವನ ಅಂಗಿಗೆ ಒರೆಸಬೇಡಿ.

ಒಂದೂರಲ್ಲಿ ಒಂದು ಮೇಕೆಮರಿ. ಹೆಸರು ಜಿಗ್ಗಿ. ಕಲ್ಲು ಕಂಡರೆ ಹತ್ತೋಳು. ಗೋಡೆ ಕಂಡರೆ ಹಾರೋಳು. ಯಾರಾದರೂ ಬಗ್ಗಿ ಕಸ ಗುಡಿಸುತ್ತಿದ್ದರೆ ಅವರ ಬೆನ್ನೂ ಹತ್ತೋಳು!

ಜಿಗ್ಗಿ ಕೊರಳಲ್ಲಿ ಪುಟ್ಟ ಗಂಟೆ. ಟಿಣ್ ಟಿಣ್, ಟಿಣ್ ಟಿಣ್.

ಅವಳ ಅವ್ವನಿಗೆ ಕಣ್ಣು ಮಂಜು. ಸಂಜೆ ಮುಳ್ಳುಬೇಲಿಯ ರೊಪ್ಪದ ತುಂಬ ಮರಿಗಳು. ಎಲ್ಲವೂ ಮ್ಯಾ ಅನ್ನೋವೇ. ಎಲ್ಲಕ್ಕೂ ಹಸಿವೇ. ಯಾವುದು ತನ್ನ ಮರಿ? ಟಿಣ್ ಟಿಣ್ ಅಂದರೆ ತನ್ನ ಮರಿ. ಬಾ ಮಗಳೇ, ಹಾಲು ಕುಡಿ!

ಒಂದು ದಿನ ಜಿಗ್ಗಿ ಗೋಕಟ್ಟೆಗೆ ಹೋದಳು. ಊರ ದನ, ಕುರಿ, ಮೇಕೆ ನೀರು ಕುಡಿಯೋ ಕಟ್ಟೆ ಅದು. ಅಲ್ಲೊಂದು ಕಪ್ಪೆ ಛಂಗನೆ ಹಾರಿತು.

"ಓಹೋ, ನೀನೊಬ್ಬನೇನಾ ಹಾರೋನು?" ಅಂದಳು ಜಿಗ್ಗಿ. ಹಾರಿಯೇಬಿಟ್ಟಳು.

ದುಬಕ್!

ತಲೆ ಕೆಳಗೆ, ಬಾಲ ಮೇಲೆ. ಕೆಸರೋ ಕೆಸರು. ಒದ್ದಾಡಿ ಒದ್ದಾಡಿ ಎದ್ದು ಬಂದಳು. ಜಿಗ್ಗಿ ಬಂದಳು, ಗಂಟೆ ಬರಲಿಲ್ಲ. ದಾರ ಕಿತ್ತು ಹೂಳಿನೊಳಗೆ ಹೋಗಿತ್ತು.

ಓಡಿದಳು ಅವ್ವನ ಹತ್ತಿರ. "ಅವ್ವಾ, ಹಾಲು!"

ಅವ್ವ ಮೂಸಿದಳು. "ಥೂ! ಗಂಟೆ ಇಲ್ಲ. ಮೈಯೆಲ್ಲ ಕೆಸರು ನಾತ. ಯಾವುದೋ ಎಮ್ಮೆಕರು. ನಡಿ ನಡಿ!"

"ನಾನೇ ಕಣವ್ವಾ, ಜಿಗ್ಗಿ!"

"ಜಿಗ್ಗಿ ಆದರೆ ಗಂಟೆ ಕೇಳಿಸು. ನನ್ನ ಹಾಲು ನನ್ನ ಮರಿಗೆ." ಹಾಗಂದು ಅವ್ವ ಬೇಲಿ ಕಡೆ ತಿರುಗಿ ಕೂಗಿದಳು. "ಜಿಗ್ಗೀ... ಎಲ್ಲಿ ಹೋದೆಯೇ?"

ಜಿಗ್ಗಿ ಪಕ್ಕದಲ್ಲೇ ನಿಂತಿದ್ದಳು. ಏನು ಮಾಡ್ತಾಳೆ ಪಾಪ? ಗೋಕಟ್ಟೆಗೇ ವಾಪಸ್ ಓಡಿದಳು.

"ಕಟ್ಟೆ ಕಟ್ಟೆ, ಗಂಟೆ ಕೊಡು!"

"ಹೊಟ್ಟೆ ತುಂಬ ಹೂಳು ಕಣೇ," ಅಂತು ಕಟ್ಟೆ. "ಮೊದಲು ಸುಗ್ಗಿ ಮುಗಿದ ಮೇಲೆ ಮನೆಗೊಬ್ಬರು ಬಂದು ಹೂಳು ಎತ್ತೋರು. ಈಗ 'ಅವನು ಬರಲಿ' ಅಂತ ಇವನು. 'ಇವನು ಬರಲಿ' ಅಂತ ಅವನು. ಅವನೂ ಇಲ್ಲ, ಇವನೂ ಇಲ್ಲ! ಹೂಳು ಎತ್ತಿಸು. ಗಂಟೆ ಕೊಡ್ತೀನಿ."

ಜಿಗ್ಗಿ ಕುಂಬಾರ ತಿಪ್ಪಜ್ಜನ ಹತ್ತಿರ ಹೋದಳು. ಅಜ್ಜ ತಿಗರಿ ಮುಂದೆ ಕೈಕಟ್ಟಿ ಕೂತಿದ್ದ. ಮಡಕೆ ಮಾಡೋಣ ಅಂದರೆ ಮಣ್ಣಿಲ್ಲ.

"ಅಜ್ಜ ಅಜ್ಜ, ಹೂಳು ಎತ್ತು!
ಕಟ್ಟೆ ಗಂಟೆ ಕೊಡೋದಿಲ್ಲ,
ಗಂಟೆ ಇಲ್ದೆ ಅವ್ವ ಹಾಲು ಕೊಡೋದಿಲ್ಲ!"

"ಆ ಜೇಡಿಮಣ್ಣು ನನಗೂ ಬೇಕು ಕಣೇ," ಅಂದ ಅಜ್ಜ. "ಹೊರೋದು ಯಾತರಲ್ಲಿ? ಸಂತೆಯಿಂದ ಪ್ಲಾಸ್ಟಿಕ್ ಬುಟ್ಟಿ ತಂದೆ. ಹೊತ್ತೆ. ತಳ ಕಳಚಿತು. ಮಣ್ಣೆಲ್ಲ ನನ್ನ ಮೀಸೆ ಮೇಲೆ! ಬಿದಿರ ಮಂಕರಿ ತಂದುಕೊಡು. ಹೂಳು ಎತ್ತುತೀನಿ."

ಜಿಗ್ಗಿ ಬುಟ್ಟಿ ಹೆಣೆಯೋ ಗೌರಕ್ಕನ ಹತ್ತಿರ ಹೋದಳು.

"ಅಕ್ಕ ಅಕ್ಕ, ಮಂಕರಿ ಹೆಣಿ!
ಅಜ್ಜ ಹೂಳು ಎತ್ತೋದಿಲ್ಲ,
ಕಟ್ಟೆ ಗಂಟೆ ಕೊಡೋದಿಲ್ಲ,
ಗಂಟೆ ಇಲ್ದೆ ಅವ್ವ ಹಾಲು ಕೊಡೋದಿಲ್ಲ!"

"ಬಿದಿರು ಇದೆ, ಕೈ ಇದೆ," ಅಂದಳು ಗೌರಕ್ಕ. "ಮಚ್ಚು ಮೊಂಡು! ಬಿದಿರು ಸೀಳೋಕೆ ಹೋದರೆ ಬಿದಿರೇ ನಗುತ್ತೆ. ಮಚ್ಚು ಹದ ಮಾಡಿಸು. ಮಂಕರಿ ಹೆಣೀತೀನಿ."

ಜಿಗ್ಗಿ ಕಮ್ಮಾರ ಕಾಳಾಚಾರಿ ಹತ್ತಿರ ಹೋದಳು.

"ಮಾವ ಮಾವ, ಮಚ್ಚು ಕಾಸು!
ಅಕ್ಕ ಮಂಕರಿ ಹೆಣೆಯೋದಿಲ್ಲ,
ಅಜ್ಜ ಹೂಳು ಎತ್ತೋದಿಲ್ಲ,
ಕಟ್ಟೆ ಗಂಟೆ ಕೊಡೋದಿಲ್ಲ,
ಗಂಟೆ ಇಲ್ದೆ ಅವ್ವ ಹಾಲು ಕೊಡೋದಿಲ್ಲ!"

"ಕುಲುಮೆ ತಣ್ಣಗಿದೆ ಕಣಮ್ಮಾ," ಅಂದ ಆಚಾರಿ. "ಬೆಂಕಿ ಊದೋ ತಿದಿ ಹರಿದಿದೆ. ನೋಡು ಬೇಕಾದರೆ." ತಿದಿ ಒತ್ತಿದ.

ಪುರ್‌ರ್‌ರ್!

"ನಾನಲ್ಲ!" ಅಂದಳು ಜಿಗ್ಗಿ.

"ನೀನಲ್ಲ, ತಿದಿ. ಇದು ಚರ್ಮದ್ದು." ಆಚಾರಿ ಜಿಗ್ಗಿಯ ಬೆನ್ನನ್ನೇ ನೋಡಿದ.

"ಮಾವಾ! ಹಾಗೆಲ್ಲ ನೋಡಬೇಡ!"

"ಹೆದರಬೇಡ ಕಣೇ. ಹರಿದದ್ದು ಹೊಲಿಸಿದರೆ ಸಾಕು. ಮಚ್ಚು ಕಾಸ್ತೀನಿ."

ಜಿಗ್ಗಿ ಚಪ್ಪಲಿ ಹೊಲಿಯೋ ದುರುಗಣ್ಣನ ಹತ್ತಿರ ಹೋದಳು. ಸ್ವಲ್ಪ ದೂರದಲ್ಲೇ ನಿಂತಳು.

"ಅಣ್ಣ ಅಣ್ಣ, ತಿದಿ ಹೊಲಿ!
ಮಾವ ಮಚ್ಚು ಕಾಸೋದಿಲ್ಲ,
ಅಕ್ಕ ಮಂಕರಿ ಹೆಣೆಯೋದಿಲ್ಲ,
ಅಜ್ಜ ಹೂಳು ಎತ್ತೋದಿಲ್ಲ,
ಕಟ್ಟೆ ಗಂಟೆ ಕೊಡೋದಿಲ್ಲ,
ಗಂಟೆ ಇಲ್ದೆ ಅವ್ವ ಹಾಲು ಕೊಡೋದಿಲ್ಲ!"

"ದಾರಕ್ಕೆ ಜೇನುಮೇಣ ಹಚ್ಚಬೇಕು," ಅಂದ ದುರುಗಣ್ಣ. "ಮೇಣ ಇಲ್ಲದೆ ಹೊಲಿದರೆ ನಾಳೆ ಬೆಳಗ್ಗೆಗೇ ಮತ್ತೆ ಪುರ್‌ರ್! ಮೇಣ ತಾ. ತಿದಿ ಹೊಲೀತೀನಿ."

ಜಿಗ್ಗಿ ಬೇವಿನ ಪೊಟರೆಯ ಜೇನುಹುಳುಗಳ ಹತ್ತಿರ ಹೋದಳು.

"ಜೇನು ಜೇನು, ಮೇಣ ಕೊಡು!
ಅಣ್ಣ ತಿದಿ ಹೊಲಿಯೋದಿಲ್ಲ,
ಮಾವ ಮಚ್ಚು ಕಾಸೋದಿಲ್ಲ,
ಅಕ್ಕ ಮಂಕರಿ ಹೆಣೆಯೋದಿಲ್ಲ,
ಅಜ್ಜ ಹೂಳು ಎತ್ತೋದಿಲ್ಲ,
ಕಟ್ಟೆ ಗಂಟೆ ಕೊಡೋದಿಲ್ಲ,
ಗಂಟೆ ಇಲ್ದೆ ಅವ್ವ ಹಾಲು ಕೊಡೋದಿಲ್ಲ!"

"ಝುಂಯ್, ಝುಂಯ್! ನಮ್ಮ ಹೊಟ್ಟೆ ತುಂಬಿದರೆ ತಾನೇ ಮೇಣ?" ಅಂದವು ಜೇನುಹುಳು. "ಒಂದು ಹೂವಿಲ್ಲ. ನುಗ್ಗೆ ಮರ ಮುನಿಸಿಕೊಂಡಿದೆ. ನುಗ್ಗೆ ಅರಳಲಿ. ಮೇಣ ಕೊಡ್ತೀವಿ."

ಸೂರ್ಯ ಗುಡ್ಡಕ್ಕೆ ಒರಗಿಕೊಂಡಿದ್ದ. ರೊಪ್ಪದ ಕಡೆಯಿಂದ ಅವ್ವನ ಕೂಗು. "ಜಿಗ್ಗೀ..."

ಜಿಗ್ಗಿ ಒಂದೇ ಉಸಿರಿಗೆ ನುಗ್ಗೆ ಮರದ ಹತ್ತಿರ ಓಡಿದಳು.

"ನುಗ್ಗೆ ನುಗ್ಗೆ, ಹೂವು ಅರಳಿಸು!
ಜೇನು ಮೇಣ ಕೊಡೋದಿಲ್ಲ,
ಅಣ್ಣ ತಿದಿ ಹೊಲಿಯೋದಿಲ್ಲ,
ಮಾವ ಮಚ್ಚು ಕಾಸೋದಿಲ್ಲ,
ಅಕ್ಕ ಮಂಕರಿ ಹೆಣೆಯೋದಿಲ್ಲ,
ಅಜ್ಜ ಹೂಳು ಎತ್ತೋದಿಲ್ಲ,
ಕಟ್ಟೆ ಗಂಟೆ ಕೊಡೋದಿಲ್ಲ,
ಗಂಟೆ ಇಲ್ದೆ ಅವ್ವ ಹಾಲು ಕೊಡೋದಿಲ್ಲ!"

"ಅರಳಿಸ್ತೀನಿ, ಅರಳಿಸ್ತೀನಿ!" ಮರಕ್ಕೆ ಕೋಪ. "ಸೊಪ್ಪು ಕಿತ್ತರು, ಪಲ್ಯ ಮಾಡಿದರು. ಕಾಯಿ ಕಿತ್ತರು, ಸಾರು ಮಾಡಿ ಸುರ್ ಅಂತ ಕುಡಿದರು. 'ನಿನಗೆ ಊಟ ಆಯ್ತೇನಮ್ಮಾ?' ಅಂತ ಒಬ್ಬರಾದರೂ ಕೇಳಿದರಾ? ಮೊಗ್ಗು ಮೈತುಂಬ ಇದೆ. ಬಿಡಿಸೋಕೆ ತ್ರಾಣ ಇಲ್ಲ. ಒಂದು ಹಿಡಿ ಗೊಬ್ಬರ ಹಾಕು. ಹೂವು ಅರಳಿಸ್ತೀನಿ."

ಗೊಬ್ಬರ! ಇನ್ನು ಯಾರನ್ನ ಕೇಳೋದು? ಜಿಗ್ಗಿ ಆ ಕಡೆ ನೋಡಿದಳು. ಈ ಕಡೆ ನೋಡಿದಳು. ಯಾರೂ ಇಲ್ಲ. ಕಣ್ಣಲ್ಲಿ ನೀರು ಬಂತು. ಹೊಟ್ಟೆ ಗುಳುಗುಳು ಅಂತು. ಬಾಲ ಮೇಲೆದ್ದಿತು.

ಪಟ. ಪಟ. ಪಟಪಟಪಟ!

ಮರದ ಬುಡದ ತುಂಬ ಹಿಕ್ಕೆ. ದುಂಡುದುಂಡನೆ. ಕರಿಕಡಲೆ ಹಾಗೆ.

ನಗಬೇಡ್ರೋ!

"ಅಯ್ಯಯ್ಯೋ, ತಪ್ಪಾಯ್ತು ನುಗ್ಗೆಯಮ್ಮಾ!" ಅಂದಳು ಜಿಗ್ಗಿ. ನಾಚಿಕೆಯಿಂದ ಕಿವಿ ಇಳಿಬಿದ್ದವು.

"ತಪ್ಪಾ? ಇದೇ ನನ್ನ ಊಟ ಕಣೇ ಹುಚ್ಚಿ!" ಅಂತು ನುಗ್ಗೆ. "ಆಹಾ, ಬಿಸಿಬಿಸಿ! ಇನ್ನೊಂದು ಸ್ವಲ್ಪ ಬಡಿಸು."

ಜಿಗ್ಗಿ ಬಡಿಸಿದಳು. ಪಟಪಟಪಟ!

ಅಷ್ಟು ಬೇಗ ಹೂವಾಗುತ್ತಾ ಅಂತ ಕೇಳಬೇಡಿ. ಕಥೆಯ ಮರಕ್ಕೆ ಅವಸರ ಜಾಸ್ತಿ.

ಜಿಗ್ಗಿ ಗೊಬ್ಬರ ಹಾಕಿದಳು,
ನುಗ್ಗೆ ಹೂವು ಅರಳಿಸಿತು.
ನುಗ್ಗೆ ಹೂವು ಅರಳಿಸಿತು,
ಜೇನು ಮೇಣ ಕೊಟ್ಟಿತು.
ಜೇನು ಮೇಣ ಕೊಟ್ಟಿತು,
ಅಣ್ಣ ತಿದಿ ಹೊಲಿದ.
ಅಣ್ಣ ತಿದಿ ಹೊಲಿದ,
ಮಾವ ಮಚ್ಚು ಕಾಸಿದ. ಭುಸ್ ಭುಸ್! ಠಣ್ ಠಣ್! ಈಗ ಪುರ್‌ರ್ ಇಲ್ಲ!
ಮಾವ ಮಚ್ಚು ಕಾಸಿದ,
ಅಕ್ಕ ಮಂಕರಿ ಹೆಣೆದಳು.
ಅಕ್ಕ ಮಂಕರಿ ಹೆಣೆದಳು,
ಅಜ್ಜ ಹೂಳು ಎತ್ತಿದ.

ಅಜ್ಜ ಒಂದು ಮಂಕರಿ ಹೊತ್ತ. ಉಸ್ಸಪ್ಪಾ! ಇನ್ನೊಂದು ಹೊತ್ತ. ಉಸ್ಸಪ್ಪಾ! ಅದನ್ನು ಗೌರಕ್ಕ ನೋಡಿದಳು. ಸೆರಗು ಸಿಕ್ಕಿಸಿ ಕಟ್ಟೆಗಿಳಿದಳು. ಆಚಾರಿ ಗುದ್ದಲಿ ತಂದ. ದುರುಗಣ್ಣ ಸಲಿಕೆ ತಂದ. 'ಅವನು ಬಂದ' ಅಂತ ಇವನೂ ಬಂದ. 'ಇವನು ಬಂದ' ಅಂತ ಅವನೂ ಬಂದ. ಮನೆಗೊಬ್ಬರು ಬಂದರು. ಕೆಲವು ಮನೆಯಿಂದ ಅಜ್ಜಿ, ಸೊಸೆ, ಮೊಮ್ಮಗ, ನಾಯಿ ಎಲ್ಲಾ ಬಂದರು. ಜೇಡಿಮಣ್ಣು ಅಜ್ಜನ ತಿಗರಿಗೆ. ಮಿಕ್ಕ ಹೂಳು ಹೊಲಕ್ಕೆ. ನುಗ್ಗೆ ಮರಕ್ಕೂ ಒಂದು ಮಂಕರಿ.

ಕಟ್ಟೆಯ ಹೊಟ್ಟೆ ಹಗುರಾಯ್ತು. ತಳದಲ್ಲಿ ಒರತೆ ಒಡೆದು ನೀರು ಗುಳುಂ ಗುಳುಂ ಅಂತು. ಕಟ್ಟೆ ದೊಡ್ಡದಾಗಿ ತೇಗಿತು.

"ತಗೋ ನಿನ್ನ ಗಂಟೆ!"

ಟಿಣ್!

ದುರುಗಣ್ಣ ಮೇಣದ ದಾರದಲ್ಲಿ ಗಂಟೆ ಪೋಣಿಸಿ ಕೊರಳಿಗೆ ಕಟ್ಟಿದ. ಜಿಗ್ಗಿ ಓಡಿದಳು. ಕಲ್ಲು ಹಾರಿ, ಬೇಲಿ ಹಾರಿ, ಬಗ್ಗಿ ನಿಂತಿದ್ದ ತಿಪ್ಪಜ್ಜನ ಬೆನ್ನು ಹಾರಿ.

"ಏಯ್ ಕಳ್ಳಮರೀ!" ಅಂದ ಅಜ್ಜ.

ಟಿಣ್ ಟಿಣ್, ಟಿಣ್ ಟಿಣ್!

ಅವ್ವನ ಕಿವಿ ನೆಟ್ಟಗಾಯ್ತು. "ಬಂದೆಯಾ ಮಗಳೇ? ಅಯ್ಯೋ, ಇಷ್ಟು ಹೊತ್ತು ಎಲ್ಲಿದ್ದೆಯೇ?"

ಜಿಗ್ಗಿ ಹೇಳೋಕೆ ಶುರು ಮಾಡಿದಳು. "ಅವ್ವಾ, ನುಗ್ಗೆ ಹೂವು ಅರಳಿಸಲಿಲ್ಲ, ಜೇನು ಮೇಣ ಕೊಡಲಿಲ್ಲ, ಅಣ್ಣ ತಿದಿ ಹೊಲಿಯ..."

ಅಷ್ಟರಲ್ಲಿ ಬಾಯಿಗೆ ಹಾಲು ಬಂತು.

ಚಪ್ ಚಪ್. ಚಪ್ ಚಪ್.

ಮಾತು ಅಲ್ಲಿಗೇ ನಿಂತಿತು. ಬಾಲ ಮಾತ್ರ ಪಟಪಟ ಆಡುತ್ತಾ ಇತ್ತು.

ಹಾಲು ಮರಿಗಾಯ್ತು, ನೀರು ಊರಿಗಾಯ್ತು, ಕಥೆ ನಿಮಗಾಯ್ತು. ಏಳಿ, ಎದ್ದು ಬಾಯಿ ಒರೆಸ್ಕೊಳ್ಳಿ!