ಕಲ್ಲು ಎಳೆದ ಲಾರಿ

“ಗುರುಗಳೇ, ನಾನು ಏಳಿ ಅಂದರೆ ಊರಿಗೆ ಊರೇ ಏಳುತ್ತದೆ. ಇವರನ್ನೆಲ್ಲ ಹಿಂದೆ ಕಟ್ಟಿಕೊಂಡು ಹೊರಡಲು ಅಷ್ಟು ಬಲ ಸಾಲದೇ?” ಎಂದು ಶಿಷ್ಯ ಕೇಳಿದ.

ಮಠದ ಬಾಗಿಲಾಚೆ ಜನ ಕಾಯುತ್ತಿದ್ದರು. ಕೆಲವರ ಕೈಯಲ್ಲಿ ದೊಣ್ಣೆ ಇತ್ತು, ಕೆಲವರ ಕೈಯಲ್ಲಿ ಕುಡುಗೋಲು. ಮೇಲಿನ ಊರಿನವರು ಕೆರೆಯ ತೂಬು ಮುಚ್ಚಿದ್ದರು. ಅದನ್ನು ತೆರೆಸಿಯೇ ಬರುತ್ತೇವೆಂದು ಇವರು ಹೊರಟಿದ್ದರು. ಇವರನ್ನು ಎಬ್ಬಿಸಿ ತಂದವನು ಈ ಶಿಷ್ಯನೇ. ಗುರುಗಳ ಅಪ್ಪಣೆಯೊಂದು ಬಾಕಿ ಇತ್ತು.

“ಕೂತುಕೋ. ಒಂದು ಕತೆ ಕೇಳಿ ಹೊರಡುವೆಯಂತೆ” ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ತಾಯಿಗೆ ವಯಸ್ಸಾಗಿತ್ತು. ಕಣ್ಣು ಮುಚ್ಚುವುದರೊಳಗೆ ಒಮ್ಮೆ ಸಮುದ್ರ ನೋಡಬೇಕು ಎನ್ನುವುದು ಅವಳ ಆಸೆ. ಬಸ್ಸಿನಲ್ಲಿ ಕೂತು ಹೋಗುವುದು ಅವಳ ಸೊಂಟಕ್ಕೆ ಆಗದು. ಮಗ ಒಳ್ಳೆಯವನು. ಚಕ್ರದ ಮೇಲೆ ಒಂದು ಮನೆಯನ್ನೇ ಕಟ್ಟಿಸಿದ. ಒಳಗೆ ಮಂಚ, ಒಲೆ, ನೀರಿನ ತೊಟ್ಟಿ, ತಾಯಿ ಹೊರಗೆ ನೋಡಲೆಂದು ಅಗಲದ ಕಿಟಕಿ. ಗೋಡೆ, ಚಾವಣಿ ಎಲ್ಲ ತೇಗದ ಮರದ್ದು. ಭಾರ ಕೇಳಬೇಕೆ! ಇನ್ನು ಅದನ್ನು ಎಳೆಯುವುದಕ್ಕೆ ಒಂದು ಲಾರಿ ಬೇಕು.

ಅವನ ಅಪ್ಪ ಎತ್ತು ಕೊಳ್ಳುವಾಗ ಬಯಲಿನಲ್ಲಿ ದೊಡ್ಡ ಕಲ್ಲು ಕಟ್ಟಿ ಎಳೆಸಿ ನೋಡುತ್ತಿದ್ದ. ಆ ಸೀಮೆಯಲ್ಲಿ ಎಲ್ಲರೂ ಹಾಗೆಯೇ. ಎಳೆದ ಎತ್ತಿಗೆ ಹೂವಿನ ಹಾರ, ಎಳೆಯದ ಎತ್ತು ಮರಳಿ ಸಂತೆಗೆ. ಮಗನೂ ಅದೇ ಕಲ್ಲಿಗೆ ಸರಪಳಿ ಬಿಗಿಸಿ ಎರಡು ಲಾರಿಗಳಿಂದ ಎಳೆಸಿದ. ಒಂದು ಹಳೆಯದು, ದೊಡ್ಡ ಮೈಯದು. ಹೊಗೆ ಕಾರುತ್ತ, ನರಳುತ್ತ, ಅಂತೂ ಕಲ್ಲನ್ನು ಗೆರೆ ದಾಟಿಸಿತು. ಇನ್ನೊಂದು ಹೊಸದು, ಚಿಕ್ಕದು, ಹಗುರ. ಅದು ಕಲ್ಲನ್ನು ಎಳೆದುಕೊಂಡು ಓಡಿಯೇಬಿಟ್ಟಿತು. ನೆರೆದವರು ಶಿಳ್ಳೆ ಹೊಡೆದರು. ವ್ಯಾಪಾರಿ ಚಿಕ್ಕ ಲಾರಿಯ ಮೂತಿಗೆ ಹಾರ ಹಾಕಿದ.

ತಾಯಿ ಜಗುಲಿಯ ಮೇಲೆ ಕೂತು ನೋಡುತ್ತಿದ್ದಳು.

“ಅಲ್ಲ ಕಣಪ್ಪ, ಎಳೆಯೋದೇನೋ ನೋಡಿದೆ. ಘಟ್ಟ ಇಳಿಯುವಾಗ ಆ ಮನೆ ಬೆನ್ನ ಮೇಲೆ ಬಿದ್ದರೆ ಇದು ತಡೆದೀತಾ? ಇಳುಕಲು ಬಂತು ಅಂದರೆ ನಿಮ್ಮಪ್ಪ ಗಾಡಿ ನುಗ್ಗದ ಹಾಗೆ ಹಿಂದೆ ಒಂದು ದಿಮ್ಮಿ ಕಟ್ಟೋರು” ಎಂದಳು.

“ಇಳಿಯೋದಕ್ಕೂ ಯಾರಾದರೂ ಬಲ ಹುಡುಕ್ತಾರೇನಮ್ಮ? ಗುಡ್ಡ ತಾನೇ ಇಳಿಸುತ್ತೆ. ನೀನು ಮಂಚದ ಮೇಲೆ ಮಲಗಿಕೋ, ಸಮುದ್ರ ಬಂದಾಗ ಎಬ್ಬಿಸ್ತೀನಿ.”

ಸುತ್ತ ನಿಂತವರು ನಕ್ಕರು. ತಾಯಿಯೂ ನಕ್ಕಳು. ಹೆತ್ತವಳಲ್ಲವೇ, ಮಗನ ಮಾತಿಗೆ ನಗದೆ ಇರುತ್ತಾಳೆಯೇ.

ಹೊರಟರು. ತಾಯಿ ಮತ್ತು ಹೆಂಡತಿ ಹಿಂದಿನ ಮನೆಯೊಳಗೆ, ವ್ಯಾಪಾರಿ ಮುಂದೆ ಲಾರಿ ಓಡಿಸುತ್ತ. ಬಯಲಿನಲ್ಲಿ ಲಾರಿ ಎಳೆಯಿತು. ಏರಿನಲ್ಲೂ ಎಳೆಯಿತು. ದಾರಿಯಲ್ಲಿ ಕಂಡವರು ನಿಂತು ನೋಡಿದರು. ತಾನು ಆರಿಸಿದ್ದು ಸರಿಯಾಯಿತು ಎಂದು ವ್ಯಾಪಾರಿ ಮೀಸೆ ತಿರುವಿಕೊಂಡ.

ಘಟ್ಟದ ನೆತ್ತಿ ದಾಟಿತು, ರಸ್ತೆ ಇಳಿಯತೊಡಗಿತು. ಆಗ ಹಿಂದಿನ ಮನೆ ಮೊದಲ ಸಲ ಲಾರಿಯನ್ನು ನೂಕಿತು. ವ್ಯಾಪಾರಿ ಬ್ರೇಕ್ ಒತ್ತಿದ. ಮನೆ ಮತ್ತೆ ನೂಕಿತು. ಬಯಲಿನಲ್ಲಿ ಲಾರಿ ನಿಂತೊಡನೆ ಕಲ್ಲೂ ನಿಂತಿತ್ತು. ಇದು ಚಕ್ರದ ಮೇಲಿನ ಭಾರ, ನಿಲ್ಲಲಿಲ್ಲ. ಅವನು ಬ್ರೇಕಿನ ಮೇಲೆ ಎದ್ದು ನಿಂತ. ಲಾರಿಯ ಚಕ್ರಗಳು ಉರುಳುವುದನ್ನು ಬಿಟ್ಟವು, ಜಾರುವುದನ್ನು ಬಿಡಲಿಲ್ಲ. ಸುಟ್ಟ ವಾಸನೆ ಬಂತು. ತಿರುವಿನಲ್ಲಿ ತಲೆ ಹೊರಳಿಸಿ ನೋಡಿದ. ಹಿಂದೆ ಇರಬೇಕಾದ ಮನೆ ಪಕ್ಕಕ್ಕೆ ಬಂದಿತ್ತು. ಕಿಟಕಿಯಲ್ಲಿ ತಾಯಿಯ ಮುಖವಿತ್ತು. ಕಣಿವೆಯಾಚೆ ದೂರದಲ್ಲಿ ಸಮುದ್ರ ಕಾಣುತ್ತಿತ್ತು. ಅವಳು ಅದನ್ನು ನೋಡುತ್ತಿರಲಿಲ್ಲ. ಮಗನನ್ನೇ ನೋಡುತ್ತಿದ್ದಳು.

ಲಾರಿಗೂ ಮನೆಗೂ ನಡುವಿನ ಕೊಂಡಿ ಕಿತ್ತುಹೋಯಿತು. ಮನೆ ಕಣಿವೆಗೆ ಹೋಯಿತು. ಭಾರ ಕಳೆದುಕೊಂಡ ಲಾರಿ ಆಗ ನಿಂತಿತು. ಮೂತಿಗೆ ಹಾಕಿದ ಹಾರ ಹಾಗೆಯೇ ಇತ್ತು.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು.

ಹೊರಗೆ ಗದ್ದಲ ಏರಿತು. ಯಾರೋ ದೊಣ್ಣೆಯಿಂದ ಬಾಗಿಲಿಗೆ ಬಡಿದು, “ಇನ್ನೂ ಎಷ್ಟು ಹೊತ್ತು ಕಾಯಿಸ್ತೀರಿ? ನೀವು ಬರದಿದ್ದರೆ ನಾವೇ ಹೊರಟೆವು!” ಎಂದರು.

ಶಿಷ್ಯ ಬಾಗಿಲ ಕಡೆ ನೋಡಿದ. “ಅವರು ನನ್ನ ಮಾತು ಮೀರುವುದಿಲ್ಲ, ಗುರುಗಳೇ” ಎಂದ. ಅವನ ದನಿ ಮೊದಲಿನಂತಿರಲಿಲ್ಲ.

ಗುರುಗಳು ಹೇಳಿದರು: “ಹಾಗಾದರೆ ಹೋಗು, ಅವರನ್ನು ಒಂದು ಗಳಿಗೆ ನೆಲದ ಮೇಲೆ ಕೂರಿಸಿ ಬಾ.”