ಆಳದಲ್ಲಿ ಸುಮ್ಮನಾದ ಚೀಲ

“ಗುರುಗಳೇ, ಒಂದು ಸುಳ್ಳು ಹೇಳಿದ್ದೇನೆ. ಅದನ್ನು ಮುಚ್ಚಲು ಮತ್ತೊಂದು ಹೇಳಬೇಕಾಗಿ ಬಂತು. ಅಂದಿನಿಂದ ಮನಸ್ಸು ಕೂತಲ್ಲಿ ಕೂರಲು ಬಿಡುತ್ತಿಲ್ಲ. ಅದು ಸುಮ್ಮನಾಗುವಂಥ ಒಂದು ಮಂತ್ರ ಕೊಡುವಿರಾ?” ಎಂದು ಶಿಷ್ಯ ಕೇಳಿದ.

ಸುಳ್ಳು ಯಾವುದೆಂದು ಗುರು ಕೇಳಲಿಲ್ಲ. ಒಂದು ಕತೆ ಹೇಳಿದರು.

ಕಡಲ ತೀರದಲ್ಲಿ ಅಣ್ಣ ತಮ್ಮ ಇದ್ದರು. ತಮ್ಮ ಕಡಲಿನ ತಳಕ್ಕಿಳಿದು ಚಿಪ್ಪು ತರುವವನು. ಅಣ್ಣ ಅವನಿಗೆ ತೇಲುಬುರುಡೆ ಮಾಡಿಕೊಡುವವನು. ತಮ್ಮ ಸೊಂಟಕ್ಕೆ ಒಣಗಿದ ಸೋರೆಬುರುಡೆಗಳನ್ನೂ ಕಾಲಿಗೆ ಭಾರದ ಕಲ್ಲನ್ನೂ ಕಟ್ಟಿಕೊಂಡು ಮುಳುಗುತ್ತಿದ್ದ. ಚಿಪ್ಪು ಆಯ್ದು ಕಲ್ಲಿನ ಗಂಟು ಬಿಚ್ಚಿದರೆ ಸಾಕು, ಬುರುಡೆಗಳು ಅವನನ್ನು ಮೇಲಕ್ಕೆ ಎಳೆದು ತರುತ್ತಿದ್ದವು.

ಒಂದು ದಿನ ತಮ್ಮ ಗೊಣಗಿದ. ಈ ಬುರುಡೆ ಮೊಂಡ ಎತ್ತಿನ ಹಾಗೆ, ಇಳಿಯುವಾಗಲೂ ಮೇಲಕ್ಕೇ ಜಗ್ಗುತ್ತದೆ, ಅದರೊಡನೆ ಗುದ್ದಾಡುವುದರಲ್ಲೇ ಅರ್ಧ ಉಸಿರು ಮುಗಿಯುತ್ತದೆ ಎಂದ. ಅಣ್ಣನಿಗೆ ತಮ್ಮನೆಂದರೆ ಪ್ರಾಣ. ಅಂದಿನಿಂದ ಅವನಿಗೆ ಊಟ ಸೇರಲಿಲ್ಲ. ಸಣ್ಣ ಬುರುಡೆ ಕಟ್ಟಿ ನೋಡಿದ, ಬಿದಿರು ಕಟ್ಟಿ ನೋಡಿದ, ಎಲ್ಲವೂ ಜಗ್ಗಿದವು. ಕೊನೆಗೆ ಆಡಿನ ತೊಗಲಿನಲ್ಲಿ ಚೀಲ ಹೊಲಿದು ಗಾಳಿ ತುಂಬಿದ. ಆಳಕ್ಕೆ ಹೋದಷ್ಟೂ ನೀರು ಆ ಚೀಲವನ್ನು ಹಿಂಡುತ್ತದೆ. ಹಿಂಡಿದಷ್ಟೂ ಅದು ಕುಗ್ಗುತ್ತದೆ. ಕುಗ್ಗಿದ ಚೀಲ ಜಗ್ಗುವುದಿಲ್ಲ. ಎದೆಮಟ್ಟದ ನೀರಿನಲ್ಲಿ ಅದನ್ನು ತಾನೇ ಕಟ್ಟಿಕೊಂಡು ಮುಳುಗಿದ, ಎದ್ದ. ತನ್ನ ಬೆನ್ನು ತಾನೇ ತಟ್ಟಿಕೊಂಡ.

ಮಾರನೆಯ ದಿನ ಇಬ್ಬರೂ ದೋಣಿಯಲ್ಲಿ ಆಳದ ನೀರಿಗೆ ಹೋದರು. ತಮ್ಮ ಚೀಲ ಕಟ್ಟಿಕೊಂಡು ಇಳಿದ. ಅಷ್ಟು ಸಲೀಸಾಗಿ ಅವನು ಎಂದೂ ಇಳಿದಿರಲಿಲ್ಲ. ಅಣ್ಣ ನೀರನ್ನೇ ನೋಡುತ್ತ ಕುಳಿತ. ಬುರುಡೆಯಾಗಿದ್ದರೆ ಇಷ್ಟು ಹೊತ್ತಿಗೆ ತಮ್ಮನ ತಲೆ ಕಾಣಬೇಕಿತ್ತು. ಅಣ್ಣ ಎದ್ದ, ಕುಳಿತ. ಆ ಬದಿಗೆ ಬಗ್ಗಿದ, ಈ ಬದಿಗೆ ಬಗ್ಗಿದ. ತಾನೇ ಹಾರೋಣವೆಂದರೆ ತಳ ಮುಟ್ಟುವಷ್ಟು ಉಸಿರು ಅವನಲ್ಲಿಲ್ಲ.

ಕೊನೆಗೆ ದೂರದಲ್ಲಿ ಒಂದು ಕೈ ಕಂಡಿತು. ಹುಟ್ಟು ಹಾಕುತ್ತ ದೋಣಿಯನ್ನು ಅತ್ತ ಒಯ್ದು ಎಳೆದುಕೊಂಡಾಗ ತಮ್ಮನ ಮೂಗಿನಿಂದಲೂ ಕಿವಿಯಿಂದಲೂ ರಕ್ತ ಇಳಿಯುತ್ತಿತ್ತು. ಚೀಲವನ್ನು ಕಿತ್ತೆಸೆದು, ಬರಿಯ ಕೈಕಾಲು ಬಡಿದೇ ಅವನು ಮೇಲೆ ಬಂದಿದ್ದ. ಅಣ್ಣ ಅವನ ಕಾಲು ಹಿಡಿದುಕೊಂಡು ಅತ್ತ.

“ಕಲ್ಲು ಬಿಚ್ಚಿದೆ ಅಣ್ಣ. ಚೀಲ ಏಳಲೇ ಇಲ್ಲ. ಅಲ್ಲೇ ಹುಟ್ಟಿದ್ದೋ ಎನ್ನುವ ಹಾಗೆ ತಣ್ಣಗೆ ಕೂತಿತ್ತು,” ಎಂದ ತಮ್ಮ. ಆಮೇಲೆ ಬಹಳ ದಿನ ಅವನಿಗೆ ಒಂದು ಕಿವಿ ಕೇಳಿಸಲಿಲ್ಲ.

ಕತೆ ಇಲ್ಲಿಗೆ ನಿಂತಿತು. ಶಿಷ್ಯ ಕುಳಿತಲ್ಲೇ ಮಿಸುಕಾಡಿದ. ಆ ಅಣ್ಣ ಮುಂದೆ ಎಂಥ ಬುರುಡೆ ಮಾಡಿದ ಎಂದು ಕೇಳಿದ.

ಗುರು ಅವನ ಮುಖವನ್ನೇ ನೋಡಿ ಹೇಳಿದರು: “ನಿನ್ನ ಮನಸ್ಸು ಇನ್ನೂ ಜಗ್ಗುತ್ತಿದೆಯಲ್ಲ, ಜಗ್ಗುತ್ತಿರುವಾಗಲೇ ಕಾಲಿಗೆ ಕಟ್ಟಿಕೊಂಡ ಸುಳ್ಳಿನ ಕಲ್ಲು ಬಿಚ್ಚು.”